ಹದಿನೇಳು ಮೈಲಿ, ಚಿಲ್ಲರೆ

ಮುಚ್ಚುವ ಮುನ್ನ ಕಂಪನಿಯ ಚರಿತ್ರೆ ಬೇಕಂತೆ ಕೋರ್ಟಿಗೆ,
ಒಂದೇ ಪುಟ ಸಾಕಂತೆ.
ಮೂವತ್ತೊಂದು ವರ್ಷ ಇಲ್ಲಿ ಕಿರ್ದಿ ಬರೆದವನು ನಾನು,
ಲೆಮ್ಯುಯೆಲ್ ಸ್ಟಿಂಚ್‌ಫೀಲ್ಡ್, ಗುಮಾಸ್ತ.
ಕೂಡಿಸಬಲ್ಲೆ, ಕಳೆಯುವುದು ಇನ್ನೂ ಚೆನ್ನಾಗಿ ಬರುತ್ತದೆ.
ಕತೆ ಹೇಳಿ ರೂಢಿಯಿಲ್ಲ.

ಮೊದಲು ಹೆಸರು:
ಹಾರ್ಲೋ ಕಣಿವೆ, ಕ್ವಿಬೆಕ್ ಹಾಗೂ ಅಟ್ಲಾಂಟಿಕ್ ರೈಲ್ವೆ.
ಕ್ವಿಬೆಕ್ ಮುಟ್ಟಲಿಲ್ಲ. ಅಟ್ಲಾಂಟಿಕ್ಕಿನ ಉಪ್ಪುಗಾಳಿಯೂ ಸೋಕಲಿಲ್ಲ.
ಷೇರುಪತ್ರದ ಮೇಲೆ ಮಾತ್ರ ರೈಲಿನ ಪಕ್ಕದಲ್ಲೊಂದು ಹಡಗು,
ಎರಡರ ಹೊಗೆಯೂ ಒಂದೇ ದಿಕ್ಕಿಗೆ.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.
ಹಾಕಿದ ಹಳಿ ಹದಿನೇಳು ಮೈಲಿ, ಮೇಲೊಂದಿಷ್ಟು ಗಜ,
ಅಗಲ ಎರಡೇ ಅಡಿ.
ಅದರಾಚೆ ಜೌಗು:
ಸಂಜೆ ಸುರಿದ ಕಲ್ಲು ಬೆಳಗಾಗುವಷ್ಟರಲ್ಲಿ ಮಾಯ.

ಚರ್ಚಿನ ನೆಲಮಾಳಿಗೆಯಲ್ಲಿ, ಬೀನ್ಸಿನ ಊಟವಾದ ಮೇಲೆ
ಕೈ ಎತ್ತಿದವರು ಐವತ್ತಮೂರು ಜನ.
ರೊಕ್ಕವಿದ್ದವರು ನಾಲ್ವರು.
ಉಳಿದವರು ಕೊಟ್ಟದ್ದು ಸೀಡರ್ ದಿಮ್ಮಿ, ಒಣಹುಲ್ಲು,
ಜೋಡೆತ್ತಿನ ಮೂರು ದಿನದ ದುಡಿಮೆ.
ವಿಧವೆ ಹೆಪ್ಸಿಬಾ ಕ್ರಾಕೆಟ್ ತನ್ನ ಬಾವಿ ಬಿಟ್ಟುಕೊಟ್ಟಳು,
ಎಂಜಿನ್ ನೀರು ಕುಡಿದ ಸಲಕ್ಕೆ ಒಂದು ಸೆಂಟಿನಂತೆ.
ಈ ಕಂಪನಿ ತಪ್ಪದೆ ತೀರಿಸಿದ ಸಾಲ
ಅದೊಂದೇ.

ಹೋಗುವಾಗ ಗಣಿಯ ಸ್ಲೇಟು,
ಬರುವಾಗ ಹಿಟ್ಟು, ಸೀಮೆಎಣ್ಣೆ, ಒಮ್ಮೆ ಒಂದು ಪಿಯಾನೋ.
ಲಾಭ ಹಂಚಿದ್ದೂ ಒಮ್ಮೆ, ಷೇರಿಗೆ ಹನ್ನೊಂದು ಸೆಂಟು;
ಏನೋ ತಪ್ಪಾಗಿದೆಯೆಂದು ಮೂವರು
ವಾಪಸು ಕೊಡಲು ಬಂದಿದ್ದರು.
ಡ್ರೈವರ್ ಎಲ್ಜೆಯಾರ್ ಪೊಮರ್ಲೋ
ಎಂಜಿನ್ನಿನ ಜೊತೆ ಫ್ರೆಂಚಿನಲ್ಲಿ ಮಾತಾಡುತ್ತಿದ್ದ,
ನಮ್ಮ ಜೊತೆ ಅಗತ್ಯವಿದ್ದರೆ.
ಏರಿನಲ್ಲಿ ಗಾಡಿ ಏದುಸಿರು ಬಿಟ್ಟರೆ
ಬೆಂಕಿಗೆ ಸೌದೆ ಒಟ್ಟುವ ಫಿನ್‌ಲೆಂಡಿನ ಹುಡುಗ ತೋಯ್ವೊ
ಇಳಿದು, ಪಕ್ಕದಲ್ಲೇ ನಡೆಯುತ್ತ, ಬೆರ್ರಿ ಕಿತ್ತು ತಿನ್ನುತ್ತಿದ್ದ.
ಇದು ಕೋರ್ಟಿಗೆ ಬೇಕಿಲ್ಲ.

ಸಾವಿರದ ಒಂಬೈನೂರ ಹದಿನೆಂಟು, ಅಕ್ಟೋಬರಿನ ಪುಟ ನೋಡಿ.
ಸರಕಿನ ಕಾಲಮ್ಮಿನಲ್ಲಿ ‘ಪೆಟ್ಟಿಗೆ’, ಹತ್ತೊಂಬತ್ತು.
ಬಾಡಿಗೆಯ ಕಾಲಮ್ಮು ಖಾಲಿ.
ಖಾಲಿ ಬಿಟ್ಟವನು ನಾನು.
ತಪಾಸಣೆಗೆ ಬಂದವರು ಕೇಳಿದಾಗ
ಚಳಿಗೆ ಮಸಿ ಹೆಪ್ಪುಗಟ್ಟಿತ್ತು ಅಂದೆ.
ಅವುಗಳಲ್ಲಿ ಒಂದು ಪೆಟ್ಟಿಗೆ
ತೀರ ಚಿಕ್ಕದು, ನಾನೇ ಹೊತ್ತು ಇಳಿಸಿದ್ದು.

ಆಮೇಲೆ ರಸ್ತೆ ಬಂತು.
ರಸ್ತೆಗೆ ಜಲ್ಲಿ ಹೊತ್ತದ್ದು ನಮ್ಮದೇ ರೈಲು.
ಎರಡು ಬೇಸಿಗೆ ತುಂಬಾ ಒಳ್ಳೆಯ ಬಾಡಿಗೆ,
ಹಿಗ್ಗಿ ಹಿಗ್ಗಿ ಜಮಾ ಬರೆದೆ.
ಮೂರನೆಯ ಬೇಸಿಗೆಗೆ
ಅದೇ ಜಲ್ಲಿಯ ಮೇಲೆ ಲಾರಿ ಓಡಿತು,
ಮನೆಬಾಗಿಲಿಗೇ ಹಿಟ್ಟು ಇಳಿಸಿತು.
ಯಾರನ್ನು ದೂರಲಿ? ನನ್ನ ಮನೆಗೂ ಇಳಿಸಿತು.

ಈಗ ಹಳಿ ಗುಜರಿಯವನ ಪಾಲು.
ಜೌಗಿನ ತುದಿಯಿಂದ ಕೀಳುತ್ತ ಬಂದರು;
ಕಿತ್ತದ್ದನ್ನು ಹೇರಿಕೊಂಡು
ಎಂಜಿನ್ ದಿನಕ್ಕಷ್ಟು ದೂರ ಹಿಂದೆ ಸರಿಯಿತು,
ಎದ್ದವರು ಮಲಗಿದ್ದ ಚಾಪೆಯನ್ನು
ತಾವೇ ಸುತ್ತಿಟ್ಟು ಹೋಗುವ ಹಾಗೆ.
ನಡೆಸಿದವನು ಪೊಮರ್ಲೋ, ದಿನಗೂಲಿಯ ಮೇಲೆ.
ನಿನ್ನೆಗೆ ಉಳಿದದ್ದು ಮೂವತ್ತು ಅಡಿ ಹಳಿ,
ಅದರ ಮೇಲೆ ಎಂಜಿನ್ನು, ಹಿಂದೆ ಮುಂದೆ ಹುಲ್ಲು.

ಬರುವ ವಾರ ಅದನ್ನೂ ಕತ್ತರಿಸುತ್ತಾರೆ.
ಅವನಿಗೆ ಗೊತ್ತು.
ಆದರೂ ಕತ್ತಲಾಗುವ ತನಕ ಕೂತು
ಬಾಯ್ಲರಿನ ನೀರೆಲ್ಲ ಬಸಿದ,
ರಾತ್ರಿಯ ಹಿಮಕ್ಕೆ ಕೊಳವೆ ಒಡೆದೀತು ಅಂತ.

ನೀರು ಕ್ರಾಕೆಟ್ ಬಾವಿಯದು.
ಕುಡಿದದ್ದಕ್ಕೆ ಕೊಟ್ಟಾಗಿದೆ; ಚೆಲ್ಲಿದ್ದಕ್ಕೆ ಕರಾರಿನಲ್ಲಿ ಮಾತಿಲ್ಲ.
ಮೊಮ್ಮಗಳ ಹೆಸರಿಗೆ ಒಂದು ಸೆಂಟು
ಖರ್ಚು ಬರೆದಿದ್ದೇನೆ.
ಶಿಲ್ಕು ಇಲ್ಲ,
ನನ್ನ ಜೇಬಿನಿಂದಲೇ ಹೋಗಲಿ.